ಹೊಸ ವರ್ಷಕ್ಕೆ ಹತ್ತು ಬೇಡ, ಒಂದು ನಿಶ್ಚಯ ಹೇಳಿ. ಯಾಕೆ ಅಂತಲೂ ಹೇಳಿ

ಹೊಳೆಬದಿ (ಮಂಜೇಶ್ವರ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮುಗಿಯುತ್ತಾ ಬಂತು. ಜಿಮ್ ಸೇರುತ್ತೇನೆ, ಸಕ್ಕರೆ ಬಿಡುತ್ತೇನೆ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ ಅಂತ ಎಲ್ಲ ಕಡೆ ಪಟ್ಟಿ ಶುರುವಾಗಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಾನು ಕೇಳುವುದು ಬೇರೆ. ಬರುವ ವರ್ಷ ಮುಗಿಯುವಾಗ "ಇದೊಂದು ಮಾಡಿದ್ದು ಒಳ್ಳೇದಾಯ್ತು" ಅಂತ ನಿಮಗೆ ಅನಿಸಬೇಕಾದರೆ ಅದು ಯಾವುದು? ಈಗ ಇರುವ ಮನೆ, ಈಗ ಇರುವ ಕೆಲಸ ಎಲ್ಲ ಇಟ್ಟುಕೊಂಡೇ ಮಾಡಬಹುದಾದದ್ದು ಹೇಳಿ.

ನನ್ನದು ಮೊದಲು ಹೇಳುತ್ತೇನೆ. ನಾನು ದಿನಾ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವಳು. ಮನೆಯಲ್ಲಿ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನ, ಮದುವೆಯ ಶೋಭಾನೆ ಹಾಡು, ಮಕ್ಕಳನ್ನು ಮಲಗಿಸುವ ಹಾಡು, ಎಲ್ಲ ಅವರಿಗೆ ಬಾಯಿಪಾಠ. ತುಳುವಿನದು ಒಂದಷ್ಟು, ಕನ್ನಡದ್ದು ಒಂದಷ್ಟು. ಗದ್ದೆ ಹೋಗಿ ಎಷ್ಟೋ ಕಾಲವಾಯಿತು, ಹಾಡು ಅವರ ಬಾಯಲ್ಲಿ ಮಾತ್ರ ಉಳಿದಿದೆ. ಅದನ್ನು ಈ ವರ್ಷ ಪೂರ್ತಿ ರೆಕಾರ್ಡ್ ಮಾಡಿ, ಬರೆದು ಇಡಬೇಕು. ಇದೇ ನನ್ನ ನಿಶ್ಚಯ. ಕಾರಣ ಹೇಳಬೇಕಾಗಿಯೇ ಇಲ್ಲ, ಅಲ್ವಾ?

ತೋಟದ ಕೆಲಸ (ಏತಡ್ಕ ಕಡೆ)

ಒಳ್ಳೆ ಪ್ರಶ್ನೆ ಅಕ್ಕ. ಆದರೆ ಒಂದು ಮಾತು. ಜನವರಿ ಒಂದು ನಮಗೆ ಕೆಲಸದ ನಡುವಿಗೆ ಬರುತ್ತದೆ. ಅಡಿಕೆ ಕೊಯ್ಲು ಆಗುತ್ತಾ ಇರುತ್ತದೆ, ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ತೋಟಕ್ಕೆ ನೀರು ಹಾಕುವುದೂ ಆಗಲೇ ಶುರು. ಆ ಗಡಿಬಿಡಿಯಲ್ಲಿ ಹೊಸತಾಗಿ ಏನಾದರೂ ಶುರು ಮಾಡಿ ಅಂದರೆ ಅದು ನಿಲ್ಲುವುದು ಕಷ್ಟ.

ನಮ್ಮ ಕಾಸರಗೋಡಿನಲ್ಲಿ ವರ್ಷ ಶುರುವಾಗುವ ದಿನಗಳು ಬೇಕಾದಷ್ಟು ಉಂಟಲ್ಲ. ಯುಗಾದಿ ಮಾಡುವವರು ಇದ್ದಾರೆ. ಏಪ್ರಿಲ್ ನಡುವಿಗೆ ಬಿಸು, ಅಂದರೆ ಸೌರಮಾನ ಯುಗಾದಿ, ಕಣಿ ಇಟ್ಟು ಹಿರಿಯರ ಕಾಲು ಹಿಡಿಯುತ್ತೇವೆ. ಮೇ 24-25ರ ಹೊತ್ತಿಗೆ ಪತ್ತನಾಜೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯಿತು, ದೈವಗಳ ಕೋಲ ನೇಮ ನಿಂತಿತು, ಇನ್ನು ಮಳೆಗಾಲ. ಜೂನಿಗೆ ಶಾಲೆ. ಆಗಸ್ಟ್ ನಡುವಿಗೆ ಚಿಂಗಂ ಒಂದು, ಮಲಯಾಳ ಪಂಚಾಂಗದ ಕೊಲ್ಲವರ್ಷದ ಮೊದಲ ದಿನ, ಕೇರಳದಲ್ಲಿ ಅದು ಕೃಷಿಕರ ದಿನ ಕೂಡ. ದೀಪಾವಳಿಗೆ ಅಂಗಡಿಯವರ ಹೊಸ ಲೆಕ್ಕ. ಇಷ್ಟು ಇರುವಾಗ ಎಲ್ಲ ನಿಶ್ಚಯವನ್ನೂ ಜನವರಿಯ ತಲೆಗೆ ಕಟ್ಟುವುದು ಯಾಕೆ? ಯಾವ ಕೆಲಸಕ್ಕೆ ಯಾವ ಕಾಲ ಸರಿಯೋ ಅಲ್ಲಿಂದ ಶುರು ಮಾಡಬೇಕು.

ಉದಾಹರಣೆಗೆ ಅಡಿಕೆಯ ಕೊಳೆರೋಗದ ಮದ್ದು. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಇದು ಎಲ್ಲರಿಗೂ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ ಬಿಡಬೇಕು ಅಂತಲೂ ಗೊತ್ತು. ಆದರೂ ಎರಡನೇ ಸಲದ್ದು ಎಷ್ಟು ತೋಟಗಳಲ್ಲಿ ತಪ್ಪುತ್ತದೆ! ಮರ ಹತ್ತುವವರು ಸಿಗುವುದಿಲ್ಲ, ಮಳೆ ಬಿಡುವುದಿಲ್ಲ. ಹಾಗಾಗಿ ಆ ನಿಶ್ಚಯ ಪತ್ತನಾಜೆಗೆ ಮೊದಲೇ ಆಗಬೇಕು, ಮದ್ದು ಬಿಡುವವರ ಹತ್ತಿರ ಎರಡೂ ಸಲದ ದಿನ ಆಗಲೇ ಮಾತಾಡಿ ಇಡಬೇಕು. ಜನವರಿಯಲ್ಲಿ ಕೂತು "ಈ ವರ್ಷ ತೋಟ ಚೆನ್ನಾಗಿ ನೋಡಿಕೊಳ್ಳುತ್ತೇನೆ" ಅಂದರೆ ಅದರಿಂದ ಒಂದು ಅಡಿಕೆಯೂ ಉಳಿಯುವುದಿಲ್ಲ.

ಜನವರಿಗೇ ಬೇಕು ಅಂತಾದರೆ ನನ್ನದು ಕಟ್ಟ. ತೋಡಿನ (ಸಣ್ಣ ಹಳ್ಳದ) ಸೆಳೆತ ಕಡಿಮೆಯಾದ ಮೇಲೆ ಡಿಸೆಂಬರ್-ಜನವರಿಯಲ್ಲಿ ಅಡ್ಡಕ್ಕೆ ಕಟ್ಟ ಹಾಕುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಈಗ ಪ್ಲಾಸ್ಟಿಕ್ ಹಾಳೆಯೂ ಹಾಕುತ್ತಾರೆ. ನೀರು ನಿಂತರೆ ಎರಡೂ ಬದಿಯ ಬಾವಿ, ಕೆರೆಗಳಿಗೆ ಒರತೆ ಬರುತ್ತದೆ. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಕಡೆ ಇದನ್ನು ಬಿಟ್ಟರು. ನಮ್ಮ ತೋಟದ ಕೆಳಗೆ ಹಾಗೆ ನಿಂತುಹೋದ ಒಂದು ಕಟ್ಟ ಉಂಟು, ಈ ಸಲ ಅದನ್ನು ಮತ್ತೆ ಹಾಕಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ. ನಾಲ್ಕು ಮನೆಯವರು ಒಪ್ಪಬೇಕು.

ಪೆರ್ಲದ ಮೇಷ್ಟ್ರು

ತೋಟದವರ ಮಾತಿಗೆ ಆಧಾರ ಉಂಟು. 2014ರಲ್ಲಿ ಹೆಂಗ್ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎನ್ನುವವರು ಇದರ ಮೇಲೆ ಅಮೆರಿಕದಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಹೊಸ ವರ್ಷಕ್ಕೆ ಮಾತ್ರ ಅಲ್ಲ, ಹೊಸ ವಾರ, ಹೊಸ ತಿಂಗಳು, ಕಾಲೇಜಿನ ಹೊಸ ಸೆಮಿಸ್ಟರ್, ಇಂಥ ಯಾವ ಶುರುವಿನ ಹೊತ್ತಿಗೂ ಜನ ವ್ಯಾಯಾಮಕ್ಕೆ ಜಾಸ್ತಿ ಹೋಗುತ್ತಾರೆ, ಪಥ್ಯದ ಬಗ್ಗೆ ಗೂಗಲ್‌ನಲ್ಲಿ ಜಾಸ್ತಿ ಹುಡುಕುತ್ತಾರೆ ಅಂತ ಅದರಲ್ಲಿ ಕಂಡಿತು. ಹಾಗಾದರೆ ಬಿಸು, ಪತ್ತನಾಜೆ, ಚಿಂಗಂ ಎಲ್ಲ ನಮಗೆ ಕೈಗೆ ಸಿಕ್ಕಿದ ಶುರುಗಳೇ.

ಆದರೆ ನನಗೆ ಜಾಸ್ತಿ ಮುಖ್ಯ ಅನಿಸುವುದು ಇನ್ನೊಂದು. ಪೂಜೆಗೆ ಕೂತಾಗ ಭಟ್ಟರು ಹೇಳಿಸುವ ಸಂಕಲ್ಪ ಕೇಳಿದ್ದೀರಲ್ಲ. ಜಂಬೂದ್ವೀಪ, ಭರತವರ್ಷ, ಭರತಖಂಡ ಅಂತ ಎಲ್ಲಿ ಕೂತಿದ್ದೇವೆ ಅನ್ನುವುದರಿಂದ ಶುರು. ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಗೋತ್ರ, ಹೆಸರು. ಎಲ್ಲ ಆದ ಮೇಲೆ ಕೊನೆಗೆ ಮಾಡಲಿರುವ ಕೆಲಸ. ಎಲ್ಲಿ, ಯಾವಾಗ, ಯಾರು, ಎಂತದು. ಇಷ್ಟು ಬಾಯಿಬಿಟ್ಟು ಹೇಳದೆ ನೀರು ಬಿಡುವ ಹಾಗಿಲ್ಲ. ನಾವು ಮಕ್ಕಳಾಗಿದ್ದಾಗ ಇದನ್ನು ಸುಮ್ನೆ ಉದ್ದದ ಮಂತ್ರ ಅಂತ ಕೇಳುತ್ತಿದ್ದೆವು. ಈಗ ಅದರ ಕ್ರಮ ನನಗೆ ತುಂಬ ಹಿಡಿಸುತ್ತದೆ.

ಪೀಟರ್ ಗೋಲ್‌ವಿಟ್ಸರ್ ಎನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿಸಿದರು, 1997ರಲ್ಲಿ ಪ್ರಕಟವಾಯಿತು. ಕ್ರಿಸ್‌ಮಸ್ ಮುನ್ನಾದಿನ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಬೇಕು ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧದಷ್ಟು ಮಂದಿ ಎಲ್ಲಿ ಕೂತು, ಯಾವ ಹೊತ್ತಿಗೆ ಬರೆಯುತ್ತೇವೆ ಅಂತ ಮೊದಲೇ ನಿಶ್ಚಯ ಮಾಡಿ ತಿಳಿಸಬೇಕಾಗಿತ್ತು. ಹಾಗೆ ಮಾಡಿದವರಲ್ಲಿ ಶೇಕಡಾ 70ರಷ್ಟು ಮಂದಿ ಹೇಳಿದ ಅವಧಿಯಲ್ಲಿ ಕಳಿಸಿದರು. ಉಳಿದವರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. ಮನಸ್ಸು ಎರಡೂ ಕಡೆಯವರಿಗೂ ಇತ್ತು. ಜಾಗ ಮತ್ತು ಹೊತ್ತು ಗೊತ್ತಾಗಿದ್ದದ್ದು ಒಂದು ಕಡೆಯವರಿಗೆ ಮಾತ್ರ.

ಹೊಳೆಬದಿಯವರೇ, ಅಜ್ಜಿಯ ಹಾಡು ಎಲ್ಲಿ, ಯಾವಾಗ?

ಹೊಳೆಬದಿ (ಮಂಜೇಶ್ವರ)

ಮೇಷ್ಟ್ರೆ, ಆದಿತ್ಯವಾರ ಮಧ್ಯಾಹ್ನ ಊಟ ಆಗಿ ಅಜ್ಜಿ ಚಾವಡಿಯಲ್ಲಿ ಎಲೆಅಡಿಕೆ ಹಾಕಿ ಕೂರುವ ಹೊತ್ತು. ಆಗ ಅವರು ಮಾತಾಡುವ ಮನಸ್ಸಿನಲ್ಲಿ ಇರುತ್ತಾರೆ. ಬರೆದುಕೊಳ್ಳುವುದು ಸೋಮವಾರ ರೈಲಿನಲ್ಲಿ, ಇಯರ್‌ಫೋನ್ ಹಾಕಿ ಕೇಳಿ. ಸೀಟು ಸಿಕ್ಕಿದರೆ ಹೋಗುವಾಗಲೇ, ಇಲ್ಲದಿದ್ದರೆ ಬರುವಾಗ.

ಉಪ್ಪಳ–ದುಬೈ

ಮೇಷ್ಟ್ರೆ, ನಮ್ಮಲ್ಲೂ ಹಾಗೇ. ನಮಾಜಿಗೆ ನಿಲ್ಲುವಾಗ ಯಾವ ನಮಾಜು ಅಂತ ನಿಯ್ಯತ್, ಅಂದರೆ ಮನಸ್ಸಿನ ಸಂಕಲ್ಪ, ಇರಬೇಕು, ರಂಜಾನಿನಲ್ಲಿ ಬೆಳಗಾಗುವ ಮೊದಲೇ ಉಪವಾಸದ ನಿಯ್ಯತ್ ಇರಬೇಕು. ಕರ್ಮಗಳೆಲ್ಲ ನಿಯ್ಯತ್ತಿನ ಮೇಲೆ ನಿಂತಿವೆ ಅಂತ ಹದೀಸ್ (ಪ್ರವಾದಿಯವರ ಮಾತು) ಉಂಟು, ಮದ್ರಸದಲ್ಲಿ ಮೊದಲಿಗೆ ಕಲಿಸುವ ಮಾತುಗಳಲ್ಲಿ ಅದೊಂದು. ನನಗೆ ಅದರಲ್ಲಿ ಇಷ್ಟವಾಗುವುದು ದಿನಕ್ಕೊಂದು ನಿಯ್ಯತ್ ಅನ್ನುವುದು. ಹಿಂದಿನ ದಿನ ಹೇಗೆ ಹೋಯಿತು ಅನ್ನುವುದು ಈ ದಿನಕ್ಕೆ ಅಡ್ಡ ಬರುವುದಿಲ್ಲ. ಈ ಸಲ ರಂಜಾನ್ ಫೆಬ್ರವರಿಯಲ್ಲೇ ಶುರು, ಹಾಗಾಗಿ ನನ್ನ ವರ್ಷದ ನಿಶ್ಚಯವನ್ನು ಅಲ್ಲಿಂದಲೇ ಲೆಕ್ಕ ಹಾಕುತ್ತೇನೆ.

ನನ್ನ ನಿಶ್ಚಯ ಉಮ್ಮನ ಜೊತೆ ಮಾತು. ಫೋನ್ ಈಗಲೂ ಮಾಡುತ್ತೇನೆ, ದಿನಾ ಮಾಡುತ್ತೇನೆ. ಆದರೆ ಅದು "ಊಟ ಆಯ್ತಾ, ಮದ್ದು ತೆಗೊಂಡ್ರಾ, ಹಣ ಬಂತಾ" ಅಲ್ಲಿಗೆ ಮುಗಿಯುತ್ತದೆ. ಗಲ್ಫಿನಲ್ಲಿರುವ ನಮ್ಮಲ್ಲಿ ಹೆಚ್ಚಿನವರದ್ದೂ ಹೀಗೇ. ವಾರಕ್ಕೆ ಒಂದು ದಿನವಾದರೂ ಆರಾಮವಾಗಿ ಕೂತು, ಬೇರೆ ಕೆಲಸ ಮಾಡದೆ, ಅವರು ಹೇಳುವುದನ್ನು ಪೂರ್ತಿ ಕೇಳಬೇಕು. ಆದಿತ್ಯವಾರ ಇಲ್ಲಿ ರಜೆ. ನಮಗೆ ಬೆಳಿಗ್ಗೆ ಎಂಟೂವರೆ ಅಂದರೆ ಊರಲ್ಲಿ ಹತ್ತು ಗಂಟೆ, ಉಮ್ಮನಿಗೆ ಅಡುಗೆ ಶುರು ಮಾಡುವ ಮೊದಲು ಸ್ವಲ್ಪ ಪುರುಸೊತ್ತು. ಅದೇ ಹೊತ್ತು.

ಸೊಸೆ (ಮುಳ್ಳೇರಿಯ)

ಎಲ್ಲರದ್ದೂ ಓದಿದೆ. ಒಳ್ಳೇದೇ. ಆದರೆ ಯಾರೂ ಹೇಳದ ಒಂದು ವಿಷಯ ಉಂಟು, ನೇರ ಹೇಳುತ್ತೇನೆ.

ಒಬ್ಬರು ಒಂದು ನಿಶ್ಚಯ ಮಾಡಿದರೆ ಅದಕ್ಕೆ ಬೇಕಾದ ಸಮಯ ಮನೆಯಲ್ಲಿ ಇನ್ನೊಬ್ಬರ ಕೈಯಿಂದ ಬರುತ್ತದೆ. ಗಂಡ ಬೆಳಿಗ್ಗೆ ವಾಕಿಂಗ್ ಹೋಗುತ್ತೇನೆ ಅಂತ ನಿಶ್ಚಯ ಮಾಡಿದರೆ ಆ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ, ತಿಂಡಿ ಮಾಡಿ, ಮಾವನಿಗೆ ಇನ್ಸುಲಿನ್ ಕೊಟ್ಟು, ಶಾಲೆ ಬಸ್ಸಿಗೆ ಬಿಡುವುದು ಯಾರು? ಅವರ ನಿಶ್ಚಯ ವರ್ಷಪೂರ್ತಿ ನಡೆಯುತ್ತದೆ, ಎಲ್ಲರೂ "ಭಾರೀ ಶಿಸ್ತು" ಅಂತ ಹೊಗಳುತ್ತಾರೆ. ಅದು ನಡೆದದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಹೆಂಗಸರ ನಿಶ್ಚಯ ಫೆಬ್ರವರಿಗೆ ನಿಂತುಹೋದರೆ ಅದು ಅವರಿಗೆ ಮನಸ್ಸಿಲ್ಲದ್ದರಿಂದ ಅಂತ ಹೇಳುವವರು ಒಂದು ವಾರ ನಮ್ಮ ಅಡುಗೆಕೋಣೆಯಲ್ಲಿ ಇದ್ದು ನೋಡಬೇಕು.

ನನ್ನ ನಿಶ್ಚಯ ತಾಳಮದ್ದಳೆ, ವೇಷ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಕುಂಬಳೆ ಸೀಮೆಯಲ್ಲಿ ಹುಟ್ಟಿದವಳು, ಚೆಂಡೆ ಪೆಟ್ಟು ಕೇಳಿಕೊಂಡೇ ಬೆಳೆದವಳು. ಹೆಂಗಸರ ತಂಡಗಳು ಈಗ ಬೇಕಾದಷ್ಟು ಉಂಟು. ನಮ್ಮ ಹತ್ತಿರವೇ ಒಂದು ಕಡೆ ವಾರಕ್ಕೊಮ್ಮೆ ಅಭ್ಯಾಸ ಮಾಡುತ್ತಾರೆ, ಶನಿವಾರ ಸಂಜೆ. ಅರ್ಥ ಹೇಳಲು ಕಲಿಯಬೇಕು ಅಂತ ತುಂಬ ವರ್ಷದಿಂದ ಆಸೆ. ಪ್ರಸಂಗ ಓದಬೇಕು, ಪುರಾಣ ಓದಬೇಕು, ಎದುರು ಅರ್ಥಧಾರಿ ಎಂತ ಕೇಳಿದರೂ ಅಲ್ಲೇ ಉತ್ತರ ಹೇಳಬೇಕು. ಅದಕ್ಕೆ ಶನಿವಾರ ಸಂಜೆ ಐದರಿಂದ ಎಂಟರವರೆಗೆ ನಾನು ಮನೆಯಲ್ಲಿ ಇರುವುದಿಲ್ಲ. ಈ ಮೂರು ಗಂಟೆ ಯಾರು ಕೊಡುತ್ತಾರೆ ಅನ್ನುವುದು ಗೊತ್ತಾಗದೆ ನನ್ನ ನಿಶ್ಚಯಕ್ಕೆ ಜಾಗ, ಹೊತ್ತು ಎಲ್ಲ ಬರೆದರೂ ಪ್ರಯೋಜನ ಇಲ್ಲ ಮೇಷ್ಟ್ರೆ.

ಪೆರ್ಲದ ಮೇಷ್ಟ್ರು

ನೀವು ಹೇಳಿದ್ದು ಸರಿ ತಂಗಿ. ಸಂಕಲ್ಪಕ್ಕೆ ದಂಪತಿ ಒಟ್ಟಿಗೆ ಕೂರಬೇಕು ಅನ್ನುವ ಕ್ರಮವೂ ಉಂಟು, ಅದನ್ನು ಮನೆಯ ಕೆಲಸಕ್ಕೂ ತರಬೇಕು.

ನರ್ಸಕ್ಕ (ಬದಿಯಡ್ಕ)

ಸೊಸೆಯವರೇ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಉಂಟು. ನಾನು ನೋಡಿದ ಮನೆಗಳಲ್ಲೆಲ್ಲ ಅದೇ ಕಥೆ. ಮಲಗಿದಲ್ಲೇ ಇರುವ ರೋಗಿಯನ್ನು ನೋಡಿಕೊಳ್ಳುವವರು ಹೆಚ್ಚಾಗಿ ಒಬ್ಬರೇ, ಹೆಚ್ಚಾಗಿ ಹೆಂಗಸು. ಅವರಿಗೆ ಬೆನ್ನುನೋವು, ಅವರಿಗೆ ಬಿಪಿ. ತನಗೆ ಅಂತ ಡಾಕ್ಟರ ಹತ್ತಿರ ಹೋಗಲು ಅವರಿಗೆ ಸಮಯ ಸಿಗುವುದಿಲ್ಲ.

ಅದಕ್ಕೇ ನನ್ನ ನಿಶ್ಚಯ ಹೇಳುತ್ತೇನೆ, ಇಲ್ಲಿರುವ ಕೆಲವರನ್ನಾದರೂ ಸೇರಿಸಿಕೊಳ್ಳುವ ಆಸೆ. ಕೇರಳದಲ್ಲಿ 2008ರಿಂದ ಸರಕಾರದ್ದೇ ಪಾಲಿಯೇಟಿವ್ (ವಾಸಿಯಾಗದ ರೋಗಿಗಳ ನೋವು ಕಡಿಮೆ ಮಾಡುವ ಆರೈಕೆಯ) ನೀತಿ ಉಂಟು, ದೇಶದಲ್ಲೇ ಮೊದಲು ಇಲ್ಲಿ ಬಂದದ್ದು. ಪಂಚಾಯತಿನ ನರ್ಸ್, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಅವರ ಜೊತೆ ಸ್ವಯಂಸೇವಕರು ಹೋಗಬಹುದು. ಗಾಯ ತೊಳೆಯುವುದು, ಟ್ಯೂಬ್ ಬದಲಾಯಿಸುವುದು ನರ್ಸಿನ ಕೆಲಸ, ನಿಮ್ಮದಲ್ಲ. ನೀವು ಮಾಡಬೇಕಾದ್ದು ರೋಗಿಯ ಹತ್ತಿರ ಕೂತು ಮಾತಾಡುವುದು, ಪತ್ರಿಕೆ ಓದಿ ಹೇಳುವುದು, ಆ ಹೊತ್ತಿನಲ್ಲಿ ಮನೆಯವರನ್ನು ಸ್ವಲ್ಪ ಹೊರಗೆ ಬಿಡುವುದು. ಕನ್ನಡ, ತುಳು ಬರುವವರು ತುಂಬ ಬೇಕು. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಮಂದಿಗೆ ಮಲಯಾಳ ಬರುವುದಿಲ್ಲ, ನೋವು ಎಲ್ಲಿ ಅಂತ ಹೇಳಲು ಅವರಿಗೆ ಅವರ ಭಾಷೆಯೇ ಬೇಕು.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಡುವುದು ನಿಂತು ಸುಮಾರು 25 ವರ್ಷ ಆಯಿತು. ಸುಪ್ರೀಂ ಕೋರ್ಟ್ 2011ರಲ್ಲಿ ಇಡೀ ದೇಶಕ್ಕೇ ತಡೆ ಹಾಕಿತು. ಪತ್ರಿಕೆಯವರು ಬಂದು ಹೋದರು. ಆ ವಿಷದಿಂದ ತೊಂದರೆಗೊಳಗಾದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿಗೆ ವಯಸ್ಸಾಗಿದೆ. ಎಣ್ಮಕಜೆ, ಬೆಳ್ಳೂರು ಕಡೆ ಅಂಥ ಮನೆಗಳು ನನಗೆ ಗೊತ್ತು. ತಿಂಗಳಿಗೆ ಎರಡು ಮಧ್ಯಾಹ್ನ ನಾನು ರಜೆಯ ದಿನ ಹೋಗುತ್ತೇನೆ. ಜೊತೆಗೆ ಒಬ್ಬರು ಬಂದರೆ ಒಂದು ತಾಯಿಗೆ ಪೇಟೆಗೆ ಹೋಗಿ ಬರಲು ಆಗುತ್ತದೆ. ಹೊಸ ವರ್ಷಕ್ಕೆ ಎಂತ ಮಾಡುವುದು ಅಂತ ಗೊತ್ತಾಗದವರು ಇದನ್ನು ಯೋಚಿಸಿ.

ಕುಂಬಳೆ ಮೊಬೈಲ್

ನನಗೆ ಎರಡು ಬಿಡಬೇಕು. ರಾತ್ರಿ ಫೋನ್ ನೋಡುವುದು ಮತ್ತು ಸಿಗರೇಟು. ಬಿಡುವ ನಿಶ್ಚಯಕ್ಕೆ ಇಲ್ಲಿ ಜಾಗ ಉಂಟಾ?

ಪೆರ್ಲದ ಮೇಷ್ಟ್ರು

ಖಂಡಿತ ಉಂಟು. ಆದರೆ ಬಿಡುವುದಕ್ಕಿಂತ ಹಿಡಿಯುವುದು ಸ್ವಲ್ಪ ಸುಲಭ ಅಂತ ಕಾಣುತ್ತದೆ. ಸ್ವೀಡನ್ನಿನಲ್ಲಿ 1,066 ಮಂದಿಯ ಹೊಸ ವರ್ಷದ ನಿಶ್ಚಯಗಳನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದರು. ಏನನ್ನೋ ಶುರು ಮಾಡುವ ನಿಶ್ಚಯದವರಲ್ಲಿ ಶೇಕಡಾ 58.9 ಮಂದಿ ನಮಗೆ ಆಯಿತು ಅಂದರು, ಏನನ್ನೋ ಬಿಡುವ ನಿಶ್ಚಯದವರಲ್ಲಿ ಶೇಕಡಾ 47.1 ಮಂದಿ. ಹಾಗಾಗಿ "ಫೋನ್ ನೋಡುವುದಿಲ್ಲ" ಅನ್ನುವ ಬದಲು ಆ ಹೊತ್ತಿಗೆ ಎಂತ ಮಾಡುತ್ತೀರಿ ಅಂತ ಹೇಳಿ. ಮಲಗುವ ಕೋಣೆಯಿಂದ ಹೊರಗೆ ಫೋನ್ ಚಾರ್ಜಿಗೆ ಇಟ್ಟು, ಹಾಸಿಗೆಯ ಹತ್ತಿರ ಒಂದು ಕನ್ನಡ ಪುಸ್ತಕ ಇಟ್ಟುಕೊಳ್ಳಿ. ನಿದ್ದೆ ಬರುವವರೆಗೆ ಎಷ್ಟು ಪುಟವೋ ಅಷ್ಟು.

ನರ್ಸಕ್ಕ (ಬದಿಯಡ್ಕ)

ಸಿಗರೇಟಿಗೆ ಬರೇ ಮನಸ್ಸು ಗಟ್ಟಿ ಮಾಡಿದರೆ ಸಾಕಾಗುವುದಿಲ್ಲ ತಮ್ಮ, ನಿಕೋಟಿನ್ ಮೈಗೆ ಹಿಡಿದ ಚಟ. 1800-11-2356ಕ್ಕೆ ಫೋನ್ ಮಾಡು, ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡಿಲ್ಲ. ಡಾಕ್ಟರಲ್ಲೂ ಕೇಳು, ನಿಕೋಟಿನ್ ಚೂಯಿಂಗ್ ಗಮ್ ಇತ್ಯಾದಿ ಉಂಟು. ಎರಡನ್ನೂ ಒಟ್ಟಿಗೆ ಶುರು ಮಾಡಬೇಡ. ಸಿಗರೇಟು ಮೊದಲು.

ಪಿಎಸ್‌ಸಿ ಓದುವವಳು

ನಾನು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನನ್ನ ನಿಶ್ಚಯ ಎರಡು ಅಂತ ಕಾಣಬಹುದು, ನನಗೆ ಅದು ಒಂದೇ. ಈ ವರ್ಷ ಮಲಯಾಳ ಓದಲು ಬರೆಯಲು ಸರಿಯಾಗಿ ಕಲಿಯಬೇಕು. ಮಾತಾಡಲು ಬರುತ್ತದೆ, ಅಕ್ಷರ ನಿಧಾನ. ಜೊತೆಗೆ ಕಚೇರಿಗೆ ಕೊಡುವ ನನ್ನ ಅರ್ಜಿಗಳನ್ನೆಲ್ಲ ಕನ್ನಡದಲ್ಲೇ ಬರೆಯಬೇಕು. ಅಪ್ಪನಿಗೆ ಒಂದು ಕಚೇರಿಯಿಂದ ಮಲಯಾಳದಲ್ಲಿ ನೋಟಿಸ್ ಬಂತು. ಯಾರೋ ಓದಿ ಹೇಳುವ ಹೊತ್ತಿಗೆ ಅದರ ಕೊನೇ ದಿನ ದಾಟಿತ್ತು. ಇನ್ನು ಹಾಗಾಗಬಾರದು. ನಮ್ಮ ಮನೆಗೆ ಮಾತ್ರ ಅಲ್ಲ, ನೆರೆಮನೆಯವರಿಗೂ ಓದಿ ಹೇಳಬಲ್ಲಷ್ಟು ನನಗೆ ಬರಬೇಕು.

ಕುಂಬಳೆ ಮೊಬೈಲ್

ಮಲಯಾಳ ಕಲಿಯುವುದು ಅಂದರೆ ನಾವು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ವಾ? ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮ ಹಿರಿಯರು ಹೋರಾಡಿದ್ದು ಮತ್ತೆ ಯಾಕೆ? ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಬೇಕು ಅಂತ 1967ರಲ್ಲಿ ಗಡಿಯ ಬಗ್ಗೆ ಬಂದ ಮಹಾಜನ ವರದಿಯೇ ಹೇಳಿತ್ತು.

ಪಿಎಸ್‌ಸಿ ಓದುವವಳು

ಅಣ್ಣ, ವರದಿ ಬಂದದ್ದು ನಮ್ಮ ಅಪ್ಪ ಹುಟ್ಟುವ ಮೊದಲು. ಹೋರಾಟದ ಬಗ್ಗೆ ನನಗೂ ಗೌರವ ಉಂಟು. ಆದರೆ ನೋಟಿಸಿನ ಕೊನೇ ದಿನ ಅದಕ್ಕೆ ಕಾಯುವುದಿಲ್ಲ. ಓದಲು ಬಂದರೆ ಮಾತ್ರ "ಇದನ್ನು ನಮಗೆ ಕನ್ನಡದಲ್ಲಿ ಕೊಡಬೇಕಿತ್ತು" ಅಂತ ಆ ಮೇಜಿನ ಎದುರೇ ನಿಂತು ಹೇಳಲು ಆಗುತ್ತದೆ.

ಪೆರ್ಲದ ಮೇಷ್ಟ್ರು

ಈ ಹುಡುಗಿಯ ಮಾತು ಕೇಳಿ ನನಗೆ ತುಂಬ ಸಂತೋಷವಾಯಿತು. ಮಂಜೇಶ್ವರದ ಕವಿ ಗೋವಿಂದ ಪೈಗಳು ಅದೇ ಊರಲ್ಲಿ ಕೂತು ಹತ್ತಾರು ಭಾಷೆ ಕಲಿತರು, ಅದರಿಂದ ಅವರ ಕನ್ನಡ ಬೆಳೆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು, ಕೊನೆಯವರೆಗೂ ಕಾಸರಗೋಡಿನ ಕನ್ನಡದ ಮಾತು ಬಿಡಲಿಲ್ಲ. ಎರಡೂ ನಮ್ಮ ಮಣ್ಣಿನದ್ದೇ.

ಅರ್ಜಿಯ ವಿಷಯ: ಸಂವಿಧಾನದ 350ನೇ ವಿಧಿ ಓದಿಕೋ ಮಗಳೇ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕು ಅದರಲ್ಲಿ ಉಂಟು. 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ, ಅದು ಬಂದದ್ದು ಅದೇ 1956ರಲ್ಲಿ. ಇನ್ನೊಂದು, ಗ್ರಾಮಸಭೆಗೆ ಹೋಗು. ಕೇರಳದ ಪಂಚಾಯತ್ ಕಾನೂನಿನ ಪ್ರಕಾರ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ಹತ್ತನೇ ಒಂದು ಪಾಲು ಬಂದಿರಬೇಕು. ಕನ್ನಡದಲ್ಲಿ ನೋಟಿಸ್ ಬೇಕು ಅಂತ ಹೇಳಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಆದರೆ ನನಗೊಂದು ಸಂಶಯ. ಇಲ್ಲಿ ಎಲ್ಲರ ಎದುರು ಹೀಗೆ ನಿಶ್ಚಯ ಹೇಳುವುದು ಒಳ್ಳೆಯದಾ? ಅದೇ ಗೋಲ್‌ವಿಟ್ಸರ್ 2009ರಲ್ಲಿ ಇನ್ನೊಂದು ಸಂಶೋಧನೆ ತಂದರು. "ನಾನು ಇಂಥವನಾಗುತ್ತೇನೆ" ಅನ್ನುವ ಬಗೆಯ ನಿಶ್ಚಯವನ್ನು ಇನ್ನೊಬ್ಬರು ಗಮನಿಸಿದ್ದಾರೆ ಅಂತ ಗೊತ್ತಾದಾಗ ಜನ ಅದಕ್ಕೆ ಕೆಲಸ ಮಾಡುವುದು ಕಡಿಮೆಯಾಯಿತಂತೆ. ಹೇಳಿದ್ದರಲ್ಲೇ ಅರ್ಧ ಆದ ಹಾಗೆ ಮನಸ್ಸಿಗೆ ಅನಿಸುತ್ತದೆ ಅಂತ ಕಾಣುತ್ತದೆ.

ಸೊಸೆ (ಮುಳ್ಳೇರಿಯ)

ಮೇಷ್ಟ್ರೆ, ಅದು ಯಾರಿಗೆ ಹೇಳುತ್ತೇವೆ ಅನ್ನುವುದರ ಮೇಲೆ ಉಂಟು. ಸ್ಟೇಟಸ್ ಹಾಕಿ ನೂರು ಮಂದಿಗೆ ಹೇಳಿದರೆ ಬರುವುದು ಹೊಗಳಿಕೆ ಮಾತ್ರ. ಆ ಕೆಲಸದಲ್ಲಿ ಯಾರ ಕೈ ಬೇಕೋ ಅವರಿಗೆ ಹೇಳಿದರೆ ಉತ್ತರ ಬರುತ್ತದೆ, ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ. ತೋಟದ ಅಣ್ಣನಿಗೆ ನಾಲ್ಕು ಮನೆಯವರು. ಮಂಜೇಶ್ವರದ ಅಕ್ಕನಿಗೆ ಅಜ್ಜಿ. ನನಗೆ ನನ್ನ ಗಂಡ.

ನಿನ್ನೆ ಅವರ ಹತ್ತಿರ ಮಾತಾಡಿದೆ. ಇದನ್ನು ಬರೆದ ಮೇಲೆ ಧೈರ್ಯ ಬಂತು ಅಂತಲೇ ಹೇಳಬಹುದು. "ನೋಡೋಣ" ಅಂದರು. ನೋಡೋಣ ಅಂದರೆ ಆಗುವುದಿಲ್ಲ, ಶನಿವಾರ ಸಂಜೆ ಮಕ್ಕಳ ಪಾಠ, ಮಾವನ ರಾತ್ರಿಯ ಊಟ, ಇನ್ಸುಲಿನ್ ಎಲ್ಲ ನೀವೇ ನೋಡಬೇಕು, ಇನ್ಸುಲಿನ್ ಹಾಕಲು ನಾನು ಈ ವಾರವೇ ಕಲಿಸುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಪ್ಪಿದರು. ಹುಷಾರಿಲ್ಲದ ದಿನ ಎಂತ ಮಾಡುವುದು ಅಂತಲೂ ಕೇಳಿದರು, ಹಾಗಾಗಿ ನಿಜವಾಗಿಯೂ ಯೋಚಿಸಿದ್ದಾರೆ ಅಂತ ಅನಿಸಿತು. ಅತ್ತೆಗೆ ಇನ್ನೂ ಪೂರ್ತಿ ಸರಿ ಕಾಣುವುದಿಲ್ಲ. ಅವರ ಹತ್ತಿರ ಬೇರೆ ಮಾತಾಡಬೇಕು. ಚಿಕ್ಕವರಿರುವಾಗ ಅವರಿಗೂ ಯಕ್ಷಗಾನ ಆಟ ನೋಡುವ ಹುಚ್ಚು ಇತ್ತು ಅಂತ ಕೇಳಿದ್ದೇನೆ.

ನರ್ಸಕ್ಕ (ಬದಿಯಡ್ಕ)

ಭಾರೀ ಒಳ್ಳೇದಾಯ್ತು. ಇನ್ಸುಲಿನ್ ಹಾಕುವ ಜಾಗ ದಿನಾ ಬದಲಾಯಿಸಬೇಕು ಅಂತ ಅವರಿಗೂ ಹೇಳಿ. ಇನ್ಸುಲಿನ್ ಆದ ಮೇಲೆ ಊಟ ತಡ ಆಗಬಾರದು.

ಉಪ್ಪಳ–ದುಬೈ

ಮಧ್ಯೆ ಒಂದು ವಾರ ತಪ್ಪಿದರೆ ಎಂತ ಮಾಡುವುದು? ಇಲ್ಲಿ ಕೆಲವೊಮ್ಮೆ ಆದಿತ್ಯವಾರವೂ ಡ್ಯೂಟಿ ಬೀಳುತ್ತದೆ. ಒಮ್ಮೆ ತಪ್ಪಿತು ಅಂದರೆ ಆಮೇಲೆ ಬಿಟ್ಟೇ ಹೋಗುವ ಹೆದರಿಕೆ.

ಪೆರ್ಲದ ಮೇಷ್ಟ್ರು

ಹೆದರಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯನ್ನು ನೋಡಿದರು. ಒಂದು ಅಭ್ಯಾಸ ತಾನಾಗಿ ನಡೆಯುವ ಹಾಗೆ ಆಗಲು ಸುಮಾರು 66 ದಿನ ಹಿಡಿಯಿತು, ಕೆಲವರಿಗೆ 18 ದಿನ, ಕೆಲವರಿಗೆ 254 ದಿನದವರೆಗೂ ಬೇಕು ಅಂತ ಲೆಕ್ಕ ಬಂತು. 21 ದಿನ ಅಂತ ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ತೊಂದರೆ ಆಗಲಿಲ್ಲ ಅಂತಲೂ ಅದರಲ್ಲೇ ಉಂಟು. ಅದು ದಿನಾ ಮಾಡುವ ಕೆಲಸದ ಲೆಕ್ಕ, ನಿಮ್ಮದು ವಾರದ್ದು. ಡ್ಯೂಟಿ ಬಿದ್ದರೆ ಯಾವ ದಿನ ಮಾತಾಡುತ್ತೀರಿ ಅಂತ ಉಮ್ಮನಿಗೆ ಈಗಲೇ ಹೇಳಿ ಇಡಿ. ಅವರು ಕಾಯುವುದು ತಪ್ಪಲಿ.

ಉಪ್ಪಳ–ದುಬೈ

ಸರಿ ಮೇಷ್ಟ್ರೆ. ಆದಿತ್ಯವಾರ ಆಗದಿದ್ದರೆ ಮಂಗಳವಾರ ರಾತ್ರಿ.

ತೋಟದ ಕೆಲಸ (ಏತಡ್ಕ ಕಡೆ)

ನನ್ನದೂ ಹೇಳುತ್ತೇನೆ. ಕಟ್ಟದ ಬಗ್ಗೆ ಮೂರು ಮನೆಯವರು ಒಪ್ಪಿದ್ದಾರೆ. ನಾಲ್ಕನೆಯವರಿಗೆ ಬೋರ್‌ವೆಲ್ ಉಂಟು, ಅವರಿಗೆ ಕಟ್ಟದಿಂದ ಲಾಭ ಇಲ್ಲ ಅಂತ ಅವರ ವಾದ. ತೋಡಿನ ಬದಿಯ ಜಾಗ ಅವರದ್ದು, ಹಾಗಾಗಿ ಅವರು ಬಾರದೆ ಆಗುವುದಿಲ್ಲ. ಕಳೆದ ಏಪ್ರಿಲಿನಲ್ಲಿ ಅವರ ಬೋರ್‌ನಲ್ಲೂ ನೀರು ಕೆಳಗೆ ಹೋಗಿತ್ತು. ಕಟ್ಟದ ನೀರು ಇಂಗಿದರೆ ಅದಕ್ಕೂ ಪ್ರಯೋಜನ ಅಂತ ನಾಳೆ ಹೋಗಿ ಕೂತು ಮಾತಾಡುತ್ತೇನೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ, ಹಿಂದೆ ಆ ಕಟ್ಟ ಹಾಕುವಾಗ ಅವರ ತಂದೆ, ನನ್ನ ಅಪ್ಪ ಒಟ್ಟಿಗೆ ಕೆಲಸ ಮಾಡಿದವರು.

ಹೊಳೆಬದಿ (ಮಂಜೇಶ್ವರ)

ಅವರು ಒಪ್ಪಿದರೆ ಹೊರಗಿನವರು ಕೆಲಸಕ್ಕೆ ಬರಬಹುದಾ ಅಣ್ಣ? ನಾನು, ನನ್ನ ತಮ್ಮ ಇಬ್ಬರು. ಕಲ್ಲು ಹೊರಲು ಅಭ್ಯಾಸ ಇಲ್ಲ, ಮಣ್ಣು ತುಂಬಿ ಕೊಡಲು ಆಗುತ್ತದೆ. ನರ್ಸಕ್ಕ, ನಿಮ್ಮ ಜೊತೆ ಬರಲೂ ಒಂದು ಮಧ್ಯಾಹ್ನ ಇಡುತ್ತೇನೆ, ಎರಡನೇ ಶನಿವಾರ ನನಗೆ ರಜೆ.

ನರ್ಸಕ್ಕ (ಬದಿಯಡ್ಕ)

ಎರಡನೇ ಶನಿವಾರ ಆಗುತ್ತದೆ. ಎರಡು ಗಂಟೆಗೆ ಬದಿಯಡ್ಕ ಬಸ್ ಸ್ಟ್ಯಾಂಡಿಗೆ ಬನ್ನಿ, ಅಲ್ಲಿಂದ ಒಟ್ಟಿಗೆ ಹೋಗುವ. ಮೊದಲ ಸಲ ಸುಮ್ನೆ ನನ್ನ ಜೊತೆ ಇದ್ದು ನೋಡಿ. ಯಾರ ಮನೆ ಅಂತ, ಯಾರಿಗೆ ಎಂತ ಕಾಯಿಲೆ ಅಂತ ಇಲ್ಲಿ ಬರೆಯುವುದು ಬೇಡ. ಫೋಟೋ ತೆಗೆಯುವುದೂ ಬೇಡ.

ತೋಟದ ಕೆಲಸ (ಏತಡ್ಕ ಕಡೆ)

ಧಾರಾಳ ಬನ್ನಿ ಅಕ್ಕ. ಒಪ್ಪಿದರು ಅಂತಾದರೆ ಜನವರಿಯ ಎರಡನೇ ಆದಿತ್ಯವಾರ, ಬೆಳಿಗ್ಗೆ ಏಳಕ್ಕೆ ಶುರು. ಹಳೇ ಬಟ್ಟೆ ಹಾಕಿ ಬನ್ನಿ, ಸೊಂಟದವರೆಗೆ ನೀರು ಇರುತ್ತದೆ. ಚಾ, ತಿಂಡಿ, ಊಟ ನಮ್ಮಲ್ಲೇ. ಮಧ್ಯಾಹ್ನ ಅಜ್ಜಿಯ ಹಾಡಿನ ಹೊತ್ತಿಗೆ ನಿಮ್ಮನ್ನು ಬಿಡಬೇಕಲ್ಲ, ಹನ್ನೊಂದಕ್ಕೆ ಹೊರಡಿ. ತಮ್ಮ ಸಂಜೆವರೆಗೆ ಇರಲಿ.